ಮನೆಯಲ್ಲಿ ಕಡಜ ಗೂಡು ಕಟ್ಟಿದಾಗ: ಗುರುತಿಸುವುದು, ತೆಗೆಸುವುದು, ವಿಮೆ ಕೇಳುವುದು

ಮಲಗುವ ಕೋಣೆಯ ಫಾಲ್ಸ್ ಸೀಲಿಂಗ್ ಒಳಗಿಂದ ಸದ್ದು ಬರುತ್ತಿತ್ತು. ಒಣಗಿದ ಎಲೆಯನ್ನು ಯಾರೋ ಬೆರಳಲ್ಲಿ ಉಜ್ಜಿದ ಹಾಗೆ, ಚರ ಚರ ಅಂತ. ರಾತ್ರಿ ಎಲ್ಲರೂ ಮಲಗಿದ ಮೇಲೆ ಜಾಸ್ತಿ ಕೇಳುತ್ತಿತ್ತು. ಇಲಿ ಇರಬೇಕು ಅಂದುಕೊಂಡೆ. ನಾಲ್ಕು ದಿನ ಕಳೆದ ಮೇಲೆ ಅದೇ ಜಾಗದಲ್ಲಿ ಅಂಗೈ ಅಗಲದ ಕಂದು ಕಲೆ ಮೂಡಿತು. ನೀರು ಸೋರುತ್ತಿದೆಯೇನೋ ಅಂತ ಸ್ಟೂಲ್ ಹತ್ತಿ ಬೆರಳಿಟ್ಟೆ. ಒದ್ದೆ ಕಾಗದದ ಹಾಗೆ ಮೆತ್ತಗೆ ಒಳಕ್ಕೆ ಹೋಯಿತು. ಜಾಗ ಬೆಚ್ಚಗಿತ್ತು. ಬೆರಳ ತುದಿಗೆ ಸಣ್ಣ ನಡುಕ ಗೊತ್ತಾಗುತ್ತಿತ್ತು. ಸೀಲಿಂಗ್ ಹಲಗೆಯನ್ನು ಕಡಜಗಳು ಒಳಗಿಂದ ಕೆರೆದು ಕೆರೆದು, ಕೆಳಗಿನ ಬಣ್ಣದ ಪದರ ಒಂದನ್ನೇ ಉಳಿಸಿದ್ದವು.

ಅದಕ್ಕೆ ಎರಡು ವಾರ ಮೊದಲು, ಹೊರಗೋಡೆಯ ಒಂದು ಸಂದಿಯಲ್ಲಿ ಕಡಜಗಳು ಓಡಾಡುವುದನ್ನು ಕಂಡಿದ್ದೆ. ಆ ಸಂದಿಗೆ ಪುಟ್ಟಿ ತುಂಬಿ ಮುಚ್ಚಿದ್ದೂ ನಾನೇ. ದಾರಿ ಮುಚ್ಚಿದರೆ ಒಳಗೇ ಸಾಯುತ್ತವೆ ಅಂತ ನಂಬಿದ್ದೆ. ಅವು ಸಾಯಲಿಲ್ಲ, ಬೇರೆ ದಾರಿ ಕೊರೆಯತೊಡಗಿದವು, ನಮ್ಮ ಹಾಸಿಗೆಯ ನೇರ ಮೇಲೆ. ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಗೂಡು ತೆಗೆಸಿದ ದಿನವೇ ಹಾಳಾದ ಸೀಲಿಂಗ್ ಕಿತ್ತು ಹಾಕಿಸಿ, ಗುಡಿಸಿ, ಹೊಸದು ಹೊಡೆಸಿಬಿಟ್ಟೆ. ವಿಮೆ ಕಂಪನಿಯವರು ಬಂದಾಗ ತೋರಿಸೋಕೆ ಏನೂ ಉಳಿದಿರಲಿಲ್ಲ. ಕ್ಲೇಮ್ ಬಿದ್ದುಹೋಯಿತು.

ಎರಡೂ ತಪ್ಪಿನ ಬೇರು ಅವಸರವೇ. ಹಾಗಾಗಿ ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಇದೇ ಕ್ರಮ ಇರುತ್ತದೆ: ಮೊದಲು ನೋಡಿ, ಫೋಟೋ ತೆಗೆದಿಡಿ, ಆಮೇಲೆ ಕೈ ಹಾಕಿ. ಒಂದೇ ಒಂದು ಸಂದರ್ಭ ಬಿಟ್ಟು. ಈಗಷ್ಟೇ ಯಾರಿಗಾದರೂ ಕಡಜ ಕುಟುಕಿ ಉಸಿರು ಕಟ್ಟುತ್ತಿದ್ದರೆ, ಮುಖ, ನಾಲಿಗೆ ಊದುತ್ತಿದ್ದರೆ ಓದುತ್ತಾ ಕೂರಬೇಡಿ. ಈಗಲೇ ಆಂಬುಲೆನ್ಸ್ ಕರೆಯಿರಿ.

ಹೆಜ್ಜೆ 1: ಇದು ಯಾವ ಹುಳ?

ಹಳದಿ ಪಟ್ಟೆ ಕಂಡ ಕೂಡಲೇ ಎಲ್ಲವನ್ನೂ ಒಂದೇ ಅಂದುಕೊಳ್ಳುತ್ತೇವೆ. ಆದರೆ ಮುಂದೆ ಏನು ಮಾಡಬೇಕು ಅನ್ನುವುದು ಹುಳ ಯಾವುದು ಅನ್ನುವುದರ ಮೇಲೇ ನಿಂತಿದೆ. ಹುಳಕ್ಕಿಂತ ಗೂಡು ನೋಡಿದರೆ ಬೇಗ ಗೊತ್ತಾಗುತ್ತದೆ.

ಒಂದು ತೊಟ್ಟಿನಿಂದ ತೂಗುವ, ತಲೆಕೆಳಗಾದ ಕೊಡೆಯಂಥ ಬೂದು ಗೂಡು, ಕೋಣೆಗಳೆಲ್ಲ ಬರಿಗಣ್ಣಿಗೆ ಕಾಣುತ್ತಿವೆ ಅಂದರೆ ಅದು ಕಾಗದದ ಕಡಜ. ಕೆಲವರು ಇದನ್ನು ಕಣಜ ಅನ್ನುತ್ತಾರೆ. ಕಿಟಕಿಯ ಸಜ್ಜ, ಮೀಟರ್ ಡಬ್ಬ, ಬಾಲ್ಕನಿಯ ಮೂಲೆ ಇದಕ್ಕೆ ಇಷ್ಟ. ಒಂದು ಗೂಡಿನಲ್ಲಿ ಹತ್ತಿಪ್ಪತ್ತರಿಂದ ನೂರರ ಆಸುಪಾಸು ಹುಳ ಇರುತ್ತವೆ.

ಗೂಡಿನ ಸುತ್ತ ಪದರ ಪದರವಾಗಿ ಕಾಗದದ ಹೊದಿಕೆ ಇದ್ದು, ಕೆಳಗೆ ಒಂದೇ ಬಾಯಿ ಇದ್ದರೆ ಎಚ್ಚರ. ಇದು ಹಾರ್ನೆಟ್ ಅನ್ನುವ ದೊಡ್ಡ ಕಡಜದ್ದೋ, ಚಳಿ ದೇಶಗಳಲ್ಲಿ ಜಾಸ್ತಿ ಕಾಣುವ ಹಳದಿ ಕಡಜದ್ದೋ ಆಗಿರುತ್ತದೆ. ಹಳದಿ ಕಡಜದ ಗೂಡು ತುಂಬಿ ಬೆಳೆದಾಗ ಒಳಗೆ ಸಾವಿರಾರು ಹುಳ ಇರಬಹುದು. ಗೋಡೆಯ ಪೊಳ್ಳು, ಅಟ್ಟ, ಸೀಲಿಂಗ್ ಒಳಗೆ ಕಟ್ಟಿದರೆ ಗೂಡು ಕಾಣುವುದೇ ಇಲ್ಲ, ಹೊರಗಿನ ಸಂದಿ ಮಾತ್ರ ಕಾಣುತ್ತದೆ. ಇದು ನೀವೇ ಕೈ ಹಾಕುವ ಗೂಡಲ್ಲ.

ಗೋಡೆಗೆ ಮಣ್ಣಿನ ಕೊಳವೆ ಅಥವಾ ಪುಟ್ಟ ಮಡಕೆ ಅಂಟಿಸಿದ ಹಾಗಿದ್ದರೆ ಅದು ಕುಂಬಾರ ಹುಳ. ಒಂಟಿಯಾಗಿ ಬದುಕುತ್ತದೆ. ಜೇಡ ಅಥವಾ ಕಂಬಳಿಹುಳವನ್ನು ಕುಟುಕಿ ಮರಗಟ್ಟಿಸಿ, ಮರಿಗೆ ಊಟ ಅಂತ ಒಳಗಿಟ್ಟು ಬಾಯಿ ಮುಚ್ಚುತ್ತದೆ. ಗೂಡು ಕಾಯುವ ಗುಂಪು ಇಲ್ಲದ ಕಾರಣ ಜನರನ್ನು ಕುಟುಕುವುದು ಬಹಳ ಅಪರೂಪ.

ಆದರೂ ಇದನ್ನು ಪೂರ್ತಿ ಮರೆಯಬೇಡಿ. ಇದು ಕೊಳವೆಗಳ ಬಾಯಲ್ಲಿ ಗೂಡು ಕಟ್ಟುತ್ತದೆ. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ಗಣರಾಜ್ಯದ ಪ್ವೆರ್ತೋ ಪ್ಲಾತಾದಿಂದ ಹೊರಟ ಬಿರ್ಗೆನ್‌ಏರ್ ಕಂಪನಿಯ ವಿಮಾನ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ವೇಗ ಅಳೆಯುವ ಕೊಳವೆ ಕಟ್ಟಿಕೊಂಡು ಪೈಲಟ್‌ಗೆ ತಪ್ಪು ವೇಗ ತೋರಿಸಿತ್ತು. ಅದರೊಳಗೆ ಕುಂಬಾರ ಹುಳದ ಗೂಡಿತ್ತು ಅನ್ನುವುದೇ ಬಲವಾದ ಅನುಮಾನ. ಮನೆಯಲ್ಲಿ ಇದೇ ಹುಳ ಎಸಿಯ ನೀರು ಹೋಗುವ ಪೈಪನ್ನೋ, ಗ್ಯಾಸ್ ಗೀಸರ್‌ನ ಹೊಗೆ ಕೊಳವೆಯನ್ನೋ ಮುಚ್ಚಿಬಿಟ್ಟರೆ? ಹೊಗೆ ಕೊಳವೆ ಕಟ್ಟಿದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆ ಸುತ್ತ ಮಣ್ಣಿನ ಗೂಡುಗಳು ಕಂಡರೆ ಈ ಕೊಳವೆಗಳ ಬಾಯನ್ನು ಅವತ್ತೇ ನೋಡಿಬಿಡಿ.

ಕೊನೆಗೆ ಜೇನು. ಮೈ ಮೇಲೆ ಸಣ್ಣ ರೋಮ, ಗೂಡು ಕಾಗದದ್ದಲ್ಲ, ಮೇಣದ್ದು. ಜೇನಾಗಿದ್ದರೆ ಔಷಧಿ ಹೊಡೆಸಬೇಡಿ, ಜೇನು ಸಾಕುವವರನ್ನು ಕರೆಯಿರಿ. ಅವರು ಜೀವಂತವಾಗಿ ಒಯ್ಯಬಲ್ಲರು. ಹೆಜ್ಜೇನು ಆದರೆ ಅದರ ಅನುಭವ ಇರುವವರೇ ಬೇಕು, ಅದರ ಗುಂಪಿನ ದಾಳಿ ಕಡಜಕ್ಕಿಂತ ಕಡಿಮೆ ಏನಲ್ಲ.

ಹೆಜ್ಜೆ 2: ಹದಿನೈದು ನಿಮಿಷ ಕೂತು ನೋಡಿ

ಬಿಸಿಲಿರುವ ಹೊತ್ತಲ್ಲಿ ಐದಾರು ಮೀಟರ್ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂರಿ. ಅವುಗಳ ಹಾರುವ ದಾರಿಗೆ ಅಡ್ಡ ಕೂರಬೇಡಿ, ಪಕ್ಕಕ್ಕೆ ಕೂರಿ. ಎಲ್ಲಿಂದ ಹೊರಗೆ ಬರುತ್ತವೆ, ಎಲ್ಲಿಗೆ ಒಳಗೆ ಹೋಗುತ್ತವೆ, ಒಂದೇ ಬಾಗಿಲಾ ಎರಡಾ ಅಂತ ನೋಡಿ. ಒಂದು ನಿಮಿಷಕ್ಕೆ ಎಷ್ಟು ಓಡಾಡುತ್ತವೆ ಅಂತ ಎಣಿಸಿ. ಒಂದೆರಡು ಅಂದರೆ ಗೂಡು ಚಿಕ್ಕದು. ಎಣಿಸಲು ಆಗದಷ್ಟಿದ್ದರೆ ಒಳಗೆ ದೊಡ್ಡ ಸಂಸಾರವೇ ಇದೆ.

ಮೊಬೈಲ್‌ನಲ್ಲಿ ಜೂಮ್ ಮಾಡಿ ಫೋಟೋ ತೆಗೆಯಿರಿ. ಒಂದು ಗೂಡಿನದು, ಒಂದು ಅದು ಮನೆಯ ಯಾವ ಭಾಗದಲ್ಲಿದೆ ಅಂತ ತೋರಿಸುವುದು, ಓಡಾಟದ ಅರ್ಧ ನಿಮಿಷದ ವಿಡಿಯೋ ಒಂದು. ಒಳಗೆ ಸೀಲಿಂಗ್, ಗೋಡೆ, ವೈರ್‌ಗೆ ಏನಾದರೂ ಆಗಿದ್ದರೆ ಅದರದ್ದೂ ಇರಲಿ. ಎಂದು ಮೊದಲು ಕಂಡಿತು ಅಂತ ತಾರೀಖು ಬರೆದಿಡಿ. ಕೀಟ ನಿಯಂತ್ರಣದವರಿಗೂ, ವಿಮೆಯವರಿಗೂ ಇದೇ ಬೇಕಾಗುವುದು.

ಕಲೆ ಬಿದ್ದ ಸೀಲಿಂಗ್ ಅಥವಾ ಗೋಡೆಯನ್ನು ನನ್ನ ಹಾಗೆ ಬೆರಳಿಟ್ಟು ಒತ್ತಬೇಡಿ. ತೂತು ಬಿದ್ದರೆ ಕೋಣೆ ತುಂಬ ಕಡಜ. ಕಿವಿಯನ್ನೂ ಒತ್ತಿ ಕೇಳಬೇಡಿ. ಆ ಕೋಣೆಯಲ್ಲಿ ಮಲಗುವುದನ್ನು ಅವತ್ತಿನಿಂದಲೇ ನಿಲ್ಲಿಸಿ, ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಿ.

ಹೆಜ್ಜೆ 3: ತೆಗೆಯಲೇಬೇಕಾ?

ಈ ಪ್ರಶ್ನೆಯನ್ನು ನಾನು ಸುಮ್ನೆ ಕೇಳುತ್ತಿಲ್ಲ. ಕಡಜಗಳು ತಮ್ಮ ಮರಿಗಳಿಗೆ ಕಂಬಳಿಹುಳ, ನೊಣ, ಸಣ್ಣ ಕೀಟಗಳನ್ನು ಹಿಡಿದು ತಿನ್ನಿಸುತ್ತವೆ. ತೋಟಕ್ಕೆ ಅವು ಕೂಲಿ ಕೇಳದ ಕಾವಲುಗಾರರು. ಮರದ ನಾರನ್ನು ಕೆರೆದು, ಜೊಲ್ಲಿನಲ್ಲಿ ಕಲಸಿ, ತೆಳ್ಳಗೆ ಹಾಸಿ ಗೂಡು ಕಟ್ಟುತ್ತವೆ. ಹಿಂದೆ ಕಾಗದವನ್ನು ಹಳೇ ಬಟ್ಟೆಯಿಂದ ಮಾಡುತ್ತಿದ್ದರು. 1719ರಲ್ಲಿ ಫ್ರಾನ್ಸಿನ ವಿಜ್ಞಾನಿ ರೆಯೊಮ್ಯೂರ್ ಈ ಗೂಡುಗಳನ್ನು ನೋಡಿಯೇ ಮರದಿಂದಲೂ ಕಾಗದ ಮಾಡಬಹುದಲ್ವಾ ಅಂತ ಸೂಚಿಸಿದ್ದು.

ಗೂಡು ಕಾಂಪೌಂಡಿನ ದೂರದ ಮೂಲೆಯಲ್ಲೋ, ಯಾರೂ ಹೋಗದ ಎತ್ತರದಲ್ಲೋ ಇದ್ದರೆ, ಮನೆಯಲ್ಲಿ ಕಡಜದ ನಂಜಿಗೆ ಅಲರ್ಜಿ ಇರುವವರು ಇಲ್ಲದಿದ್ದರೆ, ಬಿಟ್ಟುಬಿಡಿ. ಚಳಿ ಜಾಸ್ತಿ ಇರುವ ಕಡೆ ಚಳಿಗಾಲ ಬಂದಾಗ ಗೂಡು ತಾನಾಗಿ ಖಾಲಿಯಾಗುತ್ತದೆ. ಕೂಡಿಕೆಯಾದ ಹೊಸ ರಾಣಿಗಳು ಮಾತ್ರ ಎಲ್ಲೋ ಅಡಗಿ ಬದುಕುತ್ತವೆ. ಬೆಚ್ಚಗಿನ ಕಡೆ ಈ ಲೆಕ್ಕ ನಡೆಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ರೋಪಲಿಡಿಯಾ ಮಾರ್ಜಿನೇಟಾ ಅನ್ನುವ ಕಾಗದದ ಕಡಜವನ್ನು ಗಮನಿಸಿದರು. ಅದರ ಗೂಡು ವರ್ಷವಿಡೀ ನಡೆಯುತ್ತದೆ. ರಾಣಿಯನ್ನು ತೆಗೆದರೆ ಕೆಲಸಗಾರ ಕಡಜಗಳಲ್ಲೇ ಒಂದು ಜೋರು ಮಾಡಿ ರಾಣಿಯ ಜಾಗಕ್ಕೆ ಬರುತ್ತದೆ. ಹಾಗಾಗಿ "ದೊಡ್ಡ ಹುಳ ಒಂದನ್ನು ಕೊಂದರೆ ಸಾಕು" ಅನ್ನುವ ಮಾತನ್ನು ನಂಬಿ ಕೈ ಹಾಕಬೇಡಿ.

ಬಾಗಿಲು, ಮೆಟ್ಟಿಲು, ಮಕ್ಕಳು ಆಡುವ ಜಾಗ, ಗಾಳಿ ಕೊಳವೆ, ಸೀಲಿಂಗ್, ವಿದ್ಯುತ್ ಪೆಟ್ಟಿಗೆ, ಇವುಗಳ ಹತ್ತಿರ ಇದ್ದರೆ ತೆಗೆಸಲೇಬೇಕು. ಅದಕ್ಕೂ ಮುಂಚೆ ನಿಮ್ಮಲ್ಲಿನ ಕಾನೂನು ವಿಚಾರಿಸಿ. ಜರ್ಮನಿಯಲ್ಲಿ ಹಾರ್ನೆಟ್ ರಕ್ಷಿತ ಜೀವಿ, ಅನುಮತಿ ಇಲ್ಲದೆ ಗೂಡು ಕೆಡವುವ ಹಾಗಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ. ಅಪಾರ್ಟ್‌ಮೆಂಟಿನ ಹೊರಗೋಡೆ ಆದರೆ ಅಸೋಸಿಯೇಷನ್‌ಗೆ. ಫೋನಲ್ಲಿ ಹೇಳಿ ಬಿಡಬೇಡಿ, ಒಂದು ಮೆಸೇಜ್ ಇರಲಿ.

ಹೆಜ್ಜೆ 4: ಇವನ್ನು ಮಾತ್ರ ಮಾಡಬೇಡಿ

ಸಂದಿ ಮುಚ್ಚಬೇಡಿ. ಮುಚ್ಚಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದೆ.

ಬೆಂಕಿ, ಪೆಟ್ರೋಲ್, ಸೀಮೆಎಣ್ಣೆ ಬೇಡವೇ ಬೇಡ. ಗೂಡು ಒಣ ಕಾಗದ. ಅನೇಕ ಸಲ ಅದು ಅಂಟಿಕೊಂಡಿರುವುದು ಮನೆಯ ಮರದ ಭಾಗಕ್ಕೆ. ಉರಿಯುವ ಗೂಡಿನಿಂದ ಹುಳ ಹೊರಗೆ ಬರುತ್ತವೆ, ನೀವು ಏಣಿ ಮೇಲೆ ಇರುತ್ತೀರಿ. ನೀರಿನ ಪೈಪ್ ಹಿಡಿಯುವುದೂ ಇದೇ ಥರ, ಅರ್ಧ ಗೂಡು ಬೀಳುತ್ತದೆ, ಪೂರ್ತಿ ಸಿಟ್ಟು ನಿಮ್ಮ ಕಡೆ ಬರುತ್ತದೆ.

ಗೂಡಿನ ಹತ್ತಿರ ಒಂದು ಕಡಜವನ್ನೂ ಜಜ್ಜಬೇಡಿ. ಹಾರ್ನೆಟ್, ಹಳದಿ ಕಡಜಗಳ ನಂಜಿನಲ್ಲಿ ಅಪಾಯದ ಸೂಚನೆ ಕೊಡುವ ವಾಸನೆ ಇರುತ್ತದೆ. ಒಂದು ಜಜ್ಜಿದರೆ ಉಳಿದವಕ್ಕೆ ಕೂಗಿ ಕರೆದ ಹಾಗೆ. ಜೇನಿನ ಕೊಂಡಿ ನಮ್ಮ ಚರ್ಮದಲ್ಲೇ ಉಳಿದು ಅದು ಸಾಯುತ್ತದೆ. ಕಡಜದ ಕೊಂಡಿ ಹಾಗೆ ಸಿಕ್ಕಿಕೊಳ್ಳುವುದಿಲ್ಲ, ಒಂದೇ ಕಡಜ ಮತ್ತೆ ಮತ್ತೆ ಕುಟುಕುತ್ತದೆ.

ಗೂಡು ಇರುವ ಗೋಡೆಗೆ ಡ್ರಿಲ್ ಹಾಕಬೇಡಿ. ಪಕ್ಕದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸಬೇಡಿ. ಅದುರಿದರೆ ಅವು ದಾಳಿ ಅಂತಲೇ ತಿಳಿಯುತ್ತವೆ.

ಹೆಜ್ಜೆ 5: ನೀವೇ ತೆಗೆಯಬಹುದಾದ ಗೂಡು, ಕರೆಸಬೇಕಾದ ಗೂಡು

ನೀವೇ ತೆಗೆಯಬಹುದಾದ್ದು ಒಂದೇ ಬಗೆ: ಬಯಲಿಗೆ ಕಾಣುವ, ಅಂಗೈಗಿಂತ ಚಿಕ್ಕದಾದ ಕೊಡೆ ಗೂಡು. ಅದೂ ನೆಲದ ಮೇಲೆ ನಿಂತೇ ಔಷಧಿ ತಲುಪುವಂತಿರಬೇಕು. ಮನೆಯಲ್ಲಿ ಯಾರಿಗೂ ಅಲರ್ಜಿ ಇರಬಾರದು. ಇದರಲ್ಲಿ ಒಂದು ತಪ್ಪಿದರೂ ಬೇರೆಯವರನ್ನು ಕರೆಸಿ. ಏಣಿ ಹತ್ತಿ ಕಡಜದ ಜೊತೆ ಜಗಳಕ್ಕೆ ನಿಲ್ಲಬಾರದು. ಕುಟುಕಿದ್ದಕ್ಕಿಂತ ಏಣಿಯಿಂದ ಬಿದ್ದದ್ದೇ ದೊಡ್ಡ ಪೆಟ್ಟಾಗಬಹುದು.

ಕತ್ತಲಾದ ಮೇಲೆ ಹೋಗಿ. ಆಗ ಎಲ್ಲವೂ ಗೂಡಿನಲ್ಲಿರುತ್ತವೆ, ಹಾರಾಟ ಕಡಿಮೆ. ತಿಳಿ ಬಣ್ಣದ, ದಪ್ಪನೆಯ ತುಂಬು ತೋಳಿನ ಅಂಗಿ ಹಾಕಿ. ಪ್ಯಾಂಟ್ ತುದಿ ಸಾಕ್ಸ್ ಒಳಗೆ ಇರಲಿ. ಕೈಗವಸು, ಕಣ್ಣಿಗೆ ಕನ್ನಡಕ, ಮುಖಕ್ಕೆ ಪರದೆ ಬೇಕು. ಬಿಳಿ ಟಾರ್ಚ್ ಹೊಡೆದರೆ ಬೆಳಕಿನ ಕಡೆಗೇ ಹಾರುತ್ತವೆ. ಟಾರ್ಚ್‌ಗೆ ಕೆಂಪು ಹಾಳೆ ಕಟ್ಟಿ, ಕೆಂಪು ಬಣ್ಣ ಅವಕ್ಕೆ ಕಾಣುವುದಿಲ್ಲ. ಓಡಲು ದಾರಿ ಖಾಲಿ ಮಾಡಿಟ್ಟುಕೊಳ್ಳಿ, ಬಾಗಿಲಲ್ಲಿ ಇನ್ನೊಬ್ಬರು ನಿಂತಿರಲಿ. ಕಡಜಕ್ಕೆ ಅಂತಲೇ ಇರುವ, ದೂರಕ್ಕೆ ಚಿಮ್ಮುವ ಸ್ಪ್ರೇಯನ್ನು ಡಬ್ಬದ ಮೇಲೆ ಬರೆದಷ್ಟೇ ದೂರದಿಂದ ಹೊಡೆದು, ಕೂಡಲೇ ಒಳಗೆ ಬನ್ನಿ. ಹೇಗಿದೆ ಅಂತ ನೋಡೋಕೆ ಮತ್ತೆ ಹೋಗಬೇಡಿ, ಬೆಳಗಾಗಲಿ. ಯಾವುದೂ ಅಲುಗಾಡುತ್ತಿಲ್ಲ ಅಂತ ಖಚಿತವಾದ ಮೇಲೆ ಗೂಡನ್ನು ಕೆಡವಿ, ಚೀಲಕ್ಕೆ ಹಾಕಿ ಕಟ್ಟಿ, ತೊಟ್ಟಿನ ಗುರುತನ್ನೂ ಕೆರೆದು ಒರೆಸಿ.

ಸ್ಪ್ರೇ ಬಗ್ಗೆ ಎರಡು ಮಾತು. ಹೆಚ್ಚಿನವುಗಳಲ್ಲಿ ಪೈರೆಥ್ರಾಯ್ಡ್ ಅನ್ನುವ ಬಗೆಯ ಕೀಟನಾಶಕ ಇರುತ್ತದೆ. ಅದು ಮೀನಿಗೆ ವಿಷ, ಅದೇ ಬಗೆಯ ಪರ್ಮೆಥ್ರಿನ್ ಬೆಕ್ಕಿಗೆ ಬಹಳ ಕೆಟ್ಟದ್ದು. ಡಬ್ಬದ ಅನಿಲ ಬೆಂಕಿ ಹಿಡಿಯುವಂಥದ್ದು, ಆದ್ದರಿಂದ ವಿದ್ಯುತ್ ಪೆಟ್ಟಿಗೆಯ ಒಳಗೆ, ಗೀಸರ್ ಪಕ್ಕ ಹೊಡೆಯಲೇಬೇಡಿ.

ಉಳಿದದ್ದಕ್ಕೆಲ್ಲ ಪರವಾನಗಿ ಇರುವ ಕೀಟ ನಿಯಂತ್ರಣದವರು ಬೇಕು. ಕೆಲವು ಕಡೆ ಅಗ್ನಿಶಾಮಕ ದಳದವರೂ ಬರುತ್ತಾರೆ. ಗೋಡೆಯೊಳಗಿನ ಗೂಡಿಗೆ ಸಾಮಾನ್ಯವಾಗಿ ಸಂದಿಯ ಬಾಯಿಗೆ ಔಷಧಿ ಪುಡಿ ಊದುತ್ತಾರೆ. ಹುಳಗಳು ಓಡಾಡುವಾಗ ಪುಡಿ ಮೈಗೆ ಅಂಟಿ ಒಳಗೆ ಹೋಗುತ್ತದೆ. ಒಂದೆರಡು ದಿನದಲ್ಲಿ ಓಡಾಟ ನಿಲ್ಲುತ್ತದೆ. ಕರೆಸುವಾಗಲೇ ಕೇಳಿ: ಸಾಯಿಸುವುದಷ್ಟೇನಾ, ಗೂಡನ್ನೂ ತೆಗೆಯುತ್ತೀರಾ? ಯಾವ ಔಷಧಿ? ಮಕ್ಕಳು, ಪ್ರಾಣಿಗಳನ್ನು ಎಷ್ಟು ಹೊತ್ತು ದೂರ ಇಡಬೇಕು? ಓಡಾಟ ನಿಲ್ಲದಿದ್ದರೆ ಮತ್ತೆ ಬರುತ್ತೀರಾ? ಸತ್ತ ಮರಿಹುಳು ತುಂಬಿದ ಗೂಡನ್ನು ಸೀಲಿಂಗ್ ಒಳಗೇ ಬಿಟ್ಟರೆ ವಾಸನೆ ಬರುತ್ತದೆ, ಅದನ್ನು ತಿನ್ನಲು ಬೇರೆ ಹುಳ ಸೇರುತ್ತವೆ.

ಹೋಗುವ ಮುನ್ನ ಅವರಿಂದ ಒಂದು ಹಾಳೆ ಬರೆಸಿಕೊಳ್ಳಿ. ಯಾವ ಹುಳ, ಎಲ್ಲಿತ್ತು, ಎಷ್ಟು ದೊಡ್ಡದು, ಏನು ಹಾಳಾಗಿದೆ, ತಾರೀಖು, ಸಹಿ. ನಾನು ಇದನ್ನು ಕೇಳಲಿಲ್ಲ. ನನ್ನ ಕೈಯಲ್ಲಿದ್ದದ್ದು "ಕೀಟ ನಿಯಂತ್ರಣ" ಅನ್ನುವ ಎರಡು ಪದದ ಬಿಲ್ ಮಾತ್ರ.

ಹೆಜ್ಜೆ 6: ಕುಟುಕಿದರೆ

ಮೊದಲು ಅಲ್ಲಿಂದ ದೂರ ಹೋಗಿ. ಕೈ ಬೀಸದೆ, ಮುಖ ಮುಚ್ಚಿಕೊಂಡು, ಕೋಣೆಯೊಳಗೋ ಕಾರಿನೊಳಗೋ ಸೇರಿಕೊಳ್ಳಿ. ಸೋಪು ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಕೈಗೆ ಕುಟುಕಿದ್ದರೆ ಊದುವ ಮುಂಚೆಯೇ ಉಂಗುರ, ಬಳೆ ತೆಗೆಯಿರಿ. ನೋವು, ಕೆಂಪು, ಊತ ಒಂದೆರಡು ದಿನ ಇರುವುದು ಸಹಜ. ತುರಿಕೆಗೆ ಅಲರ್ಜಿ ಮಾತ್ರೆ ಸಾಕಾಗುತ್ತದೆ.

ಅಪಾಯ ಬೇರೆ ಥರ ಬರುತ್ತದೆ. ಕುಟುಕಿದ್ದು ಕಾಲಿಗೆ, ಗಂದೆ ಎದ್ದಿದ್ದು ಮೈಯೆಲ್ಲ. ತುಟಿ, ನಾಲಿಗೆ ಊದುತ್ತದೆ, ಗಂಟಲು ಬಿಗಿಯುತ್ತದೆ, ಉಸಿರಲ್ಲಿ ಸಿಳ್ಳೆ ಕೇಳುತ್ತದೆ, ವಾಂತಿ, ತಲೆಸುತ್ತು. ಇದು ಅನಾಫೈಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿ. ನಿಮಿಷಗಳ ಲೆಕ್ಕ. ಅಡ್ರಿನಲಿನ್ ಪೆನ್ (ಇಂಥ ಹೊತ್ತಿಗೆ ಅಂತಲೇ ಇರುವ ಚುಚ್ಚುಮದ್ದು) ಇದ್ದರೆ ತೊಡೆಯ ಹೊರಭಾಗಕ್ಕೆ ಕೂಡಲೇ ಚುಚ್ಚಿ, ಆಂಬುಲೆನ್ಸ್ ಕರೆಯಿರಿ. ಮಲಗಿಸಿ ಕಾಲು ಎತ್ತರಕ್ಕೆ ಇಡಿ. ಉಸಿರಾಟ ಕಷ್ಟವಾದರೆ ಕೂರಿಸಿ. ಎದ್ದು ನಡೆಯಲು ಬಿಡಬೇಡಿ. ಅಲರ್ಜಿ ಮಾತ್ರೆ ಅಡ್ರಿನಲಿನ್‌ಗೆ ಬದಲಿ ಅಲ್ಲ. ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವರಿಗೆ ಕೆಲವು ಗಂಟೆ ಬಿಟ್ಟು ಮತ್ತೆ ಬರುತ್ತದೆ.

ಬಾಯೊಳಗೆ, ಗಂಟಲಿಗೆ, ಕಣ್ಣಿಗೆ ಕುಟುಕಿದ್ದರೂ ಆಸ್ಪತ್ರೆ. ಒಟ್ಟಿಗೆ ಹತ್ತಾರು ಕಡೆ ಕುಟುಕಿದ್ದರೆ ಅಲರ್ಜಿ ಇಲ್ಲದವರಿಗೂ ನಂಜೇ ಜಾಸ್ತಿಯಾಗುತ್ತದೆ. ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಮುಂದಿನ ದಿನಗಳಲ್ಲಿ ಮೂತ್ರ ಕಡಿಮೆಯಾದರೆ, ಕಡು ಕಂದು ಬಣ್ಣಕ್ಕೆ ತಿರುಗಿದರೆ ತಡಮಾಡಬೇಡಿ. ಒಮ್ಮೆ ತೀವ್ರ ಅಲರ್ಜಿ ಆದವರು ಅಲರ್ಜಿ ತಜ್ಞರನ್ನು ಕಾಣಿ. ನಂಜನ್ನೇ ಸಣ್ಣ ಸಣ್ಣ ಪ್ರಮಾಣದಲ್ಲಿ 3ರಿಂದ 5 ವರ್ಷ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆ ಇದೆ, ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಹೆಜ್ಜೆ 7: ಪಾಲಿಸಿಯಲ್ಲಿ ಏನಿದೆ?

ನೇರವಾಗಿ ಹೇಳುತ್ತೇನೆ. ಸಾಮಾನ್ಯ ಗೃಹವಿಮೆಯಲ್ಲಿ ಗೂಡು ತೆಗೆಸಿದ ಖರ್ಚು ಸಿಗುವುದು ಕಷ್ಟ. ಕೀಟದಿಂದ ಆದ ಹಾನಿಯನ್ನು ಹೆಚ್ಚಿನ ಪಾಲಿಸಿಗಳು ಹೊರಗಿಡುತ್ತವೆ. ಅವರ ವಾದ ಹೀಗೆ: ವಿಮೆ ಇರುವುದು ಹಠಾತ್ತನೆ, ಅನಿರೀಕ್ಷಿತವಾಗಿ ಆಗುವ ನಷ್ಟಕ್ಕೆ. ಗೂಡು ವಾರಗಟ್ಟಲೆ ಬೆಳೆಯುತ್ತದೆ, ನೋಡಿಕೊಳ್ಳುವುದು ಮನೆಯವರ ಕೆಲಸ.

ಹಾಗಂತ ಪಾಲಿಸಿಯನ್ನು ಪಕ್ಕಕ್ಕಿಡಬೇಡಿ. ಮುಂದಿನ ಜಾಗಗಳನ್ನು ಪೆನ್ಸಿಲ್ ಹಿಡಿದು ಓದಿ.

ಮೊದಲನೆಯದು ತುರ್ತು ನೆರವಿನ ಭಾಗ. ಗೃಹವಿಮೆಯ ಜೊತೆ ಸೇರಿಸಿಕೊಳ್ಳುವ ಈ ಹೆಚ್ಚುವರಿ ರಕ್ಷಣೆಯಲ್ಲಿ ಒಡೆದ ಪೈಪ್, ಕೈಕೊಟ್ಟ ಬೀಗದ ಜೊತೆ ಕೀಟ, ಇಲಿಯ ಕಾಟವೂ ಸೇರಿರುವುದುಂಟು. ಬ್ರಿಟನ್‌ನಲ್ಲಿ ಇಂಥ ಪಾಲಿಸಿಗಳಲ್ಲಿ ಕಡಜದ ಗೂಡನ್ನು ಹೆಸರಿಟ್ಟೇ ಬರೆದಿರುವುದನ್ನು ಕಾಣಬಹುದು. ಆದರೆ ಶರತ್ತು ಇರುತ್ತದೆ. ಗೂಡು ಮನೆಯೊಳಗೇ ಇರಬೇಕು, ಅವರು ಕಳಿಸಿದವರೇ ತೆಗೆಯಬೇಕು, ಮೊದಲು ಅವರ ನಂಬರಿಗೆ ಫೋನ್ ಮಾಡಿರಬೇಕು. ನೀವೇ ಯಾರನ್ನೋ ಕರೆಸಿ ಆಮೇಲೆ ಬಿಲ್ ಕೊಟ್ಟರೆ ನಡೆಯುವುದಿಲ್ಲ.

ಎರಡನೆಯದು "ಹೊರತುಪಡಿಸಿದ ವಿಷಯಗಳು". ಅಲ್ಲಿ ಯಾವ ಪದ ಇದೆ ನೋಡಿ. "ಕೀಟಗಳು" ಅಂತ ಸ್ಪಷ್ಟವಾಗಿದೆಯಾ, ಅಥವಾ "ಉಪದ್ರವಿ ಜೀವಿಗಳು" ಅಂತ ಮೋಘಮ್ಮಾಗಿ ಇದೆಯಾ? ಅದರ ಅರ್ಥವನ್ನು ಪಾಲಿಸಿಯ ಶುರುವಿನಲ್ಲಿ ವಿವರಿಸಿದ್ದಾರಾ? ಪದಕ್ಕೆ ಎರಡು ಅರ್ಥ ಬಂದರೆ ಅದನ್ನು ಬರೆದ ಕಂಪನಿಗೆ ವಿರುದ್ಧವಾಗಿ ಓದಬೇಕು ಅನ್ನುವುದು ಅನೇಕ ದೇಶಗಳ ನ್ಯಾಯಾಲಯಗಳು ಒಪ್ಪಿದ ತತ್ವ.

ಮೂರನೆಯದು, ನನಗೆ ತಡವಾಗಿ ಅರ್ಥವಾದದ್ದು: ಕೀಟ ಮಾಡಿದ ಹಾನಿ ಬೇರೆ, ಅದರ ಬೆನ್ನಿಗೆ ಬಂದ ನಷ್ಟ ಬೇರೆ. ಕಡಜ ಸೀಲಿಂಗ್ ಕೊರೆದದ್ದು ಕೀಟದ ಹಾನಿ. ಕುಂಬಾರ ಹುಳ ಪೈಪ್ ಕಟ್ಟಿಸಿ, ಒಂದು ರಾತ್ರಿ ನೀರು ಉಕ್ಕಿ ಮರದ ನೆಲ ಉಬ್ಬಿತು ಅಂದುಕೊಳ್ಳಿ. ಅದು ನೀರಿನ ಹಾನಿ. ಕೆಲವು ಪಾಲಿಸಿಗಳು ಕೀಟವನ್ನು ಹೊರಗಿಟ್ಟರೂ, ಅದರಿಂದ ಮುಂದೆ ಆದ ಬೆಂಕಿ, ನೀರಿನ ನಷ್ಟವನ್ನು ಕೊಡುತ್ತವೆ. ಇನ್ನು ಕೆಲವು "ನೇರವಾಗಿ ಅಥವಾ ಪರೋಕ್ಷವಾಗಿ" ಅಂತ ಬರೆದು ಎರಡನ್ನೂ ಮುಚ್ಚಿರುತ್ತವೆ. ಆ ಎರಡು ಪದ ಇದೆಯಾ ಇಲ್ಲವಾ, ಹುಡುಕಿ.

ನಾಲ್ಕನೆಯದು ಖಾಲಿ ಮನೆಯ ಶರತ್ತು. 30 ಅಥವಾ 60 ದಿನಕ್ಕಿಂತ ಹೆಚ್ಚು ಮನೆಗೆ ಬೀಗ ಹಾಕಿದ್ದರೆ ರಕ್ಷಣೆ ಕಡಿಮೆಯಾಗುವ ನಿಯಮ ಅನೇಕ ಪಾಲಿಸಿಗಳಲ್ಲಿದೆ. ಕಡಜಕ್ಕೂ ಬೀಗ ಹಾಕಿದ ಮನೆಯೇ ನೆಮ್ಮದಿ ಅಲ್ವಾ.

ಬೇರೆಯವರಿಗೆ ಕುಟುಕಿದರೆ? ಪಾರ್ಸೆಲ್ ತಂದವರು ನಿಮ್ಮ ಗೇಟಿನ ಗೂಡಿನಿಂದ ಆಸ್ಪತ್ರೆ ಸೇರಿದರೆ, ಮೂರನೆಯವರ ಹೊಣೆಗಾರಿಕೆ ಅನ್ನುವ ಭಾಗ ನೋಡಬೇಕು. ಗೂಡು ಇರುವುದು ನಿಮಗೆ ಗೊತ್ತಿತ್ತಾ, ಗೊತ್ತಿದ್ದೂ ಸುಮ್ನೆ ಇದ್ದಿರಾ ಅನ್ನುವುದೇ ಅಲ್ಲಿ ಮುಖ್ಯ ಪ್ರಶ್ನೆ. ಹಾಗಾಗಿ ಗೂಡು ಕಂಡ ದಿನವೇ ಒಂದು ಎಚ್ಚರಿಕೆಯ ಹಾಳೆ ಅಂಟಿಸಿ, ಆ ದಾರಿ ಮುಚ್ಚಿ.

ನಿಮಗೇ ಕುಟುಕಿದರೆ ಗೃಹವಿಮೆ ಕೆಲಸಕ್ಕೆ ಬರುವುದಿಲ್ಲ, ಆರೋಗ್ಯ ವಿಮೆ ಬೇಕು. ಅಪಘಾತ ವಿಮೆಯಲ್ಲಿ "ಅಪಘಾತ" ಅನ್ನುವ ಪದದ ಮೇಲೆಯೇ ಜಗಳ ಆಗುತ್ತದೆ. 2019ರಲ್ಲಿ ಭಾರತದ ಸುಪ್ರೀಂ ಕೋರ್ಟ್, ಮೊಜಾಂಬಿಕ್‌ನಲ್ಲಿ ಸೊಳ್ಳೆ ಕಚ್ಚಿ ಮಲೇರಿಯಾದಿಂದ ಸತ್ತದ್ದನ್ನು ಅಪಘಾತ ಅನ್ನಲಾಗದು ಅಂತ ಹೇಳಿತು. ಮಲೇರಿಯಾ ಅಲ್ಲಿ ತೀರಾ ಸಾಮಾನ್ಯ ಅನ್ನುವುದು ಅದರ ಒಂದು ಕಾರಣ. ಕಡಜ ಕುಟುಕಿ ತಕ್ಷಣ ಆಗುವ ಆಘಾತ ಬೇರೆ ಸಂಗತಿ, ರೋಗವಲ್ಲ ಅಂತ ವಾದಿಸಲು ಅವಕಾಶ ಇದೆ. ಅದಕ್ಕೆ ವೈದ್ಯರ ಚೀಟಿಯಲ್ಲಿ "ಅಲರ್ಜಿ" ಅಂತ ಮಾತ್ರ ಇರುವುದು ಸಾಲದು. "ಕಡಜ ಕುಟುಕಿದ್ದರಿಂದ" ಅನ್ನುವ ಕಾರಣ, ದಿನ, ಹೊತ್ತು ಇರಲಿ.

ಹೆಜ್ಜೆ 8: ಕ್ಲೇಮ್ ಮಾಡುವ ಕ್ರಮ

ಹಾನಿ ಕಂಡ ಕೂಡಲೇ ಕಂಪನಿಗೆ ತಿಳಿಸಿ. ಫೋನ್ ಮಾಡಿದರೂ ಹಿಂದೆಯೇ ಒಂದು ಇಮೇಲ್ ಕಳಿಸಿ, ದೂರಿನ ನಂಬರ್ ಪಡೆಯಿರಿ. ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಬರುವ ತನಕ ಹಾಳಾದ ಭಾಗವನ್ನು ಮುಟ್ಟಬೇಡಿ. ಆದರೆ ಹಾನಿ ಬೆಳೆಯದ ಹಾಗೆ ನೋಡಿಕೊಳ್ಳುವುದು ನಿಮ್ಮ ಹೊಣೆ. ನೀರು ಸೋರುತ್ತಿದ್ದರೆ ಮೇನ್ ವಾಲ್ವ್ ಮುಚ್ಚಿ, ವೈರ್ ಸುಟ್ಟಿದ್ದರೆ ಮೇನ್ ಸ್ವಿಚ್ ಆರಿಸಿ, ತೂತಿಗೆ ತಾತ್ಕಾಲಿಕವಾಗಿ ಪ್ಲಾಸ್ಟಿಕ್ ಹಾಳೆ ಕಟ್ಟಿ. ಕಾಯೋಕೆ ಆಗದೆ ಕೀಳಿಸಲೇಬೇಕಾದರೆ "ಇಂಥ ಕಾರಣಕ್ಕೆ ಕೀಳಿಸುತ್ತಿದ್ದೇವೆ" ಅಂತ ಮೊದಲೇ ಬರೆದು, ಪ್ರತಿ ಹಂತದ ಫೋಟೋ ತೆಗೆದು, ಒಡೆದ ತುಂಡುಗಳನ್ನೂ ಗೂಡಿನ ಚೂರನ್ನೂ ಚೀಲದಲ್ಲಿ ತೆಗೆದಿಡಿ. ನನ್ನ ಬಳಿ ಒಂದು ಅಂಗೈ ಅಗಲದ ಸೀಲಿಂಗ್ ತುಂಡು ಉಳಿದಿದ್ದರೂ ಮಾತಾಡಲು ಏನಾದರೂ ಇರುತ್ತಿತ್ತು.

ಬಿಲ್ ಒಟ್ಟಿಗೆ ಬರೆಸಬೇಡಿ. ಗೂಡು ತೆಗೆದದ್ದು ಒಂದು ಸಾಲು, ಸೀಲಿಂಗ್ ಬಿಚ್ಚಿದ್ದು ಒಂದು, ವೈರಿಂಗ್ ಒಂದು, ನೆಲ ಒಂದು. ಒಟ್ಟಿಗಿದ್ದರೆ ಕೀಟ ಅನ್ನುವ ಒಂದು ಪದಕ್ಕೆ ಎಲ್ಲವೂ ತಿರಸ್ಕಾರವಾಗುತ್ತದೆ. ಬೇರೆ ಬೇರೆ ಇದ್ದರೆ ಸಿಗಬೇಕಾದ ಸಾಲಾದರೂ ಸಿಗುತ್ತದೆ.

ಅರ್ಜಿ ಹಾಕುವ ಮುನ್ನ ಲೆಕ್ಕ ಹಾಕಿ. ಸಾಮಾನ್ಯವಾಗಿ ಕ್ಲೇಮಿನಲ್ಲಿ ನೀವೇ ಭರಿಸಬೇಕಾದ ಒಂದು ಮೊತ್ತ ಇರುತ್ತದೆ. ನಷ್ಟ ಅದಕ್ಕಿಂತ ಸ್ವಲ್ಪವೇ ಜಾಸ್ತಿ ಇದ್ದರೆ, ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ ಕಳೆದುಕೊಂಡು ಒಟ್ಟಾರೆ ನಷ್ಟವೇ ಆಗಬಹುದು. ಮತ್ತೆ, ಮೊದಲು ಕಂಡ ತಾರೀಖನ್ನು ಮುಂದೂಡಿ ಬರೆಯಬೇಡಿ. ಫೋಟೋದೊಳಗೇ ತಾರೀಖು ಇರುತ್ತದೆ. ಒಂದು ಸುಳ್ಳು ಸಿಕ್ಕರೆ ನಿಜವಾದ ನಷ್ಟವೂ ಕೈತಪ್ಪುತ್ತದೆ.

ತಿರಸ್ಕರಿಸಿದರೆ ಪಾಲಿಸಿಯ ಯಾವ ಕಲಮಿನ ಪ್ರಕಾರ ಅಂತ ಬರಹದಲ್ಲಿ ಕೇಳಿ. ಫೋನಿನಲ್ಲಿ "ಬರಲ್ಲ ಸರ್" ಅಂದದ್ದು ಉತ್ತರವಲ್ಲ. ಕಲಮು ಸಿಕ್ಕ ಮೇಲೆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲೂ ಆಗದಿದ್ದರೆ, ಗ್ರಾಹಕರ ದೂರು ಕೇಳಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಅಥವಾ ಅದಕ್ಕೆ ಸಮನಾದ ಸಂಸ್ಥೆ ಅನೇಕ ದೇಶಗಳಲ್ಲಿದೆ. ದೂರು ಕೊಡಲು ಕಾಲಮಿತಿ ಇರುತ್ತದೆ, ತಿರಸ್ಕಾರದ ಪತ್ರ ಬಂದ ದಿನವೇ ಅದನ್ನು ವಿಚಾರಿಸಿ.

ಹೆಜ್ಜೆ 9: ಮತ್ತೆ ಕಟ್ಟದ ಹಾಗೆ

ಗೂಡು ಶುರುವಾಗುವ ಕಾಲದಲ್ಲಿ ವಾರಕ್ಕೊಮ್ಮೆ ಸಜ್ಜದ ಕೆಳಗೆ, ಮೀಟರ್ ಡಬ್ಬ, ಬಳಸದ ಶಟರ್, ಅಟ್ಟದ ಮೂಲೆಗಳಿಗೆ ಟಾರ್ಚ್ ಹಿಡಿದು ನೋಡಿ. ಶುರುವಿನ ಗೂಡು ನಿಂಬೆಹಣ್ಣಿಗಿಂತ ಚಿಕ್ಕದು, ಅನೇಕ ಸಲ ಒಂದೇ ಒಂದು ರಾಣಿ ಇರುತ್ತದೆ. ಅದು ಹೊರಗೆ ಹೋದಾಗ ಉದ್ದ ಕೋಲಿನಿಂದ ಕೆಡವಿದರೆ ಅಲ್ಲಿಗೆ ಮುಗಿಯಬಹುದು.

ಬಣ್ಣ ಬಳಿಯದ ಹಳೇ ಮರ ಅವುಗಳ ಕಾಗದದ ಕಚ್ಚಾಮಾಲು. ಬೇಲಿ, ಬಾಗಿಲ ಚೌಕಟ್ಟಿಗೆ ಬಣ್ಣವೋ ವಾರ್ನಿಶೋ ಹೊಡೆಸಿ. ಕಸದ ಡಬ್ಬಕ್ಕೆ ಮುಚ್ಚಳ ಹಾಕಿ, ಉದುರಿದ ಹಣ್ಣು ಎತ್ತಿ. ಗಾಳಿ ಕಿಂಡಿಗಳಿಗೆ 3 ಮಿಲಿಮೀಟರ್‌ಗಿಂತ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿಸಿ. ಗೀಸರ್‌ನ ಹೊಗೆ ಕೊಳವೆಗೆ ಮಾತ್ರ ನೀವಾಗಿ ಜಾಲರಿ ಕಟ್ಟಬೇಡಿ, ಅದಕ್ಕೆ ಬೇರೆಯೇ ಮುಚ್ಚಳ ಬರುತ್ತದೆ, ತಂತ್ರಜ್ಞರೇ ಹಾಕಬೇಕು.

ನಮ್ಮ ಹೊರಗೋಡೆಯ ಆ ಸಂದಿಗೂ ಈಗ ಜಾಲರಿ ಇದೆ. ಹಾಕುವ ಮುನ್ನ ಮೂರು ದಿನ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಪಕ್ಕಕ್ಕೆ ಕುರ್ಚಿ ಹಾಕಿಕೊಂಡು ಹದಿನೈದು ನಿಮಿಷ ಕೂತು ನೋಡಿದೆ. ಒಂದೂ ಒಳಗೆ ಹೋಗಲಿಲ್ಲ, ಒಂದೂ ಹೊರಗೆ ಬರಲಿಲ್ಲ. ನಾಲ್ಕನೇ ದಿನ ಫೋಟೋ ತೆಗೆದು, ಸಂದಿ ಮುಚ್ಚಿದೆ.